ಇಲ್ಲದ ದೀಪಕ್ಕೆ ಗುಂಡಿ ಒತ್ತಿದವನು

ತಲೆಯ ಮೇಲೆ ಒಂದು ಕೂದಲೂ ಇಲ್ಲದ ಆ ಕ್ಷೌರಿಕನನ್ನು ಬೀದಿಯವರೆಲ್ಲ ಗುಂಗುರಣ್ಣ ಎಂದೇ ಕರೆಯುತ್ತಿದ್ದರು. ಹರೆಯದಲ್ಲಿ ಅವನಿಗೆ ಬಾಚಣಿಗೆ ಒಳಗೆ ಹೋದರೆ ಹೊರಗೆ ಬಾರದಷ್ಟು ಗುಂಗುರು ಕೂದಲಿತ್ತಂತೆ. ಕೂದಲು ಹೋಯಿತು, ಹೆಸರು ಉಳಿಯಿತು. ಹೊಸ ಗಿರಾಕಿ ಯಾರಾದರೂ ಆ ಹೆಸರು ಕೇಳಿ ನಕ್ಕರೆ, "ನಗಬೇಡಿ ಸ್ವಾಮಿ, ಇದ್ದದ್ದನ್ನೆಲ್ಲ ನಿಮ್ಮಂಥವರಿಗೆ ಹಂಚಿಬಿಟ್ಟೆ" ಅನ್ನುತ್ತಿದ್ದ.

ಅಂಗಡಿ ಚಿಕ್ಕದು. ಮೂರು ಕುರ್ಚಿ, ಎದುರುಬದುರು ಗೋಡೆಗಳಿಗೆ ಉದ್ದುದ್ದ ಕನ್ನಡಿ, ಬಾಗಿಲ ಬಳಿ ಕಾಯುವವರಿಗೊಂದು ಬೆಂಚು. ಜೊತೆಗೊಬ್ಬ ಪಾಲುದಾರ, ಮಾತು ಕಡಿಮೆ, ಕೆಲಸ ಜಾಸ್ತಿ. ಗುಂಗುರಣ್ಣನ ಹೆಸರು ಇದ್ದದ್ದು ಗಡ್ಡ ಹೆರೆಯುವುದರಲ್ಲಿ. ಅವನ ಕೈಗೆ ಕತ್ತಿ ಬಂತೆಂದರೆ ಗಿರಾಕಿಗಳು ಕಣ್ಣು ಮುಚ್ಚುತ್ತಿದ್ದರು, ಹೆದರಿ ಅಲ್ಲ, ನಿದ್ದೆಗೆ. ನಿವೃತ್ತ ಪೋಸ್ಟ್‌ಮ್ಯಾನ್ ಒಬ್ಬರಂತೂ ಗೊರಕೆ ಹೊಡೆದುಬಿಡುತ್ತಿದ್ದರು. ಗಂಟಲ ಮೇಲೆ ಹರಿತವಾದ ಕತ್ತಿ ಓಡುತ್ತಿರುವಾಗ ಗೊರಕೆ ಹೊಡೆಯುವುದಕ್ಕಿಂತ ದೊಡ್ಡ ಬಿರುದು ಒಬ್ಬ ಕ್ಷೌರಿಕನಿಗೆ ಇನ್ನೇನಿದೆ?

ಅವನ ಎಡಗಣ್ಣಿಗೆ ತೊಂದರೆ ಶುರುವಾದದ್ದು ಕಪ್ಪು ಚುಕ್ಕೆಗಳಿಂದ. ನೋಡಿದ ಕಡೆಯಲ್ಲೆಲ್ಲ ಸಣ್ಣ ಸಣ್ಣ ಎಳೆಗಳು ತೇಲಾಡುತ್ತಿದ್ದವು. ಕೂದಲಿನ ಚೂರೇ ಇರಬೇಕೆಂದು ಮತ್ತೆ ಮತ್ತೆ ಕಣ್ಣು ತೊಳೆದುಕೊಂಡ. "ಡಾಕ್ಟರಿಗೆ ತೋರಿಸಿ" ಎಂದು ಹೆಂಡತಿ ಹೇಳಿದಾಗ, "ಕ್ಷೌರದವನ ಕಣ್ಣಲ್ಲಿ ಕೂದಲು ಇರದೆ ಇನ್ನೇನು ಮುತ್ತುರತ್ನ ಇರುತ್ತಾ?" ಎಂದು ತಮಾಷೆ ಮಾಡಿದ. ಆಮೇಲೆ ಆ ಕಣ್ಣಿಗೆ ಒಂದು ಪಕ್ಕದಿಂದ ನೆರಳು ಇಳಿಯತೊಡಗಿತು, ಯಾರೋ ಕಿಟಕಿಯ ಪರದೆ ಎಳೆದ ಹಾಗೆ. ಒಂದು ಬೆಳಿಗ್ಗೆ ತೆರೆದಿಟ್ಟ ಬಾಗಿಲಿಗೆ ಹಣೆ ಚಚ್ಚಿಕೊಂಡಾಗ ಹೆಂಡತಿ ಅವನ ಮಾತು ಕೇಳಲಿಲ್ಲ. ರಟ್ಟೆ ಹಿಡಿದು ಆಸ್ಪತ್ರೆಗೆ ಎಳೆದುಕೊಂಡು ಹೋದಳು.

ಕಣ್ಣಿನ ಹಿಂಭಾಗದ ತೆಳು ಪರದೆ ಹರಿದು ಕಿತ್ತುಬಂದಿದೆ, ತಡವಾಗಿದೆ ಎಂದರು ಡಾಕ್ಟರು. ಎರಡು ಸಲ ಶಸ್ತ್ರಚಿಕಿತ್ಸೆ ಮಾಡಿದರು. ಬೆಳಕು ಯಾವುದು, ಕತ್ತಲು ಯಾವುದು ಎಂಬಷ್ಟು ಮಾತ್ರ ಉಳಿಯಿತು. "ಬಲಗಣ್ಣನ್ನ ಆಗಾಗ ಬಂದು ತೋರಿಸ್ತಾ ಇರಿ, ಅದಕ್ಕೂ ಹೀಗಾಗಬಹುದು" ಎಂದು ಡಾಕ್ಟರು ಹೇಳಿದ್ದಕ್ಕೆ ತಲೆಯಾಡಿಸಿದ. ಒಮ್ಮೆ ಹೋದ. ಎರಡನೆಯ ಸಲ ಆಸ್ಪತ್ರೆಯ ಔಷಧದ ವಾಸನೆ ಮೂಗಿಗೆ ಬಡಿದದ್ದೇ ತಡ, ಗೇಟಿನಿಂದಲೇ ತಿರುಗಿ ಬಂದ. ಆಮೇಲೆ ಆ ಕಡೆ ಸುಳಿಯಲಿಲ್ಲ.

ಒಂದು ಕಣ್ಣು ಹೋದರೆ ಅರ್ಧ ಜಗತ್ತು ಹೋಗುತ್ತದೆ ಎಂದು ಅವನು ಅಂದುಕೊಂಡಿದ್ದ. ಹಾಗಾಗಲಿಲ್ಲ, ಎಲ್ಲವೂ ಕಾಣುತ್ತಿತ್ತು, ಆದರೆ ಯಾವುದು ಎಷ್ಟು ದೂರದಲ್ಲಿದೆ ಎಂಬುದೇ ತಿಳಿಯುತ್ತಿರಲಿಲ್ಲ. ಜಗತ್ತೆಲ್ಲ ಗೋಡೆಗೆ ಅಂಟಿಸಿದ ಚಿತ್ರದ ಹಾಗಾಗಿತ್ತು. ಲೋಟಕ್ಕೆ ಬಗ್ಗಿಸಿದ ನೀರು ಮೇಜಿನ ಮೇಲೆ ಬೀಳುತ್ತಿತ್ತು. ಮೆಟ್ಟಿಲ ಕೊನೆಯಲ್ಲಿ ಇನ್ನೊಂದು ಮೆಟ್ಟಿಲಿದೆಯೆಂದು ಕಾಲಿಟ್ಟು ಮುಗ್ಗರಿಸುತ್ತಿದ್ದ. ಅಂಗಡಿಯಲ್ಲಿ ಕತ್ತರಿ ಬರೀ ಗಾಳಿಯನ್ನು ಕತ್ತರಿಸುತ್ತಿತ್ತು. ಕೊನೆಗೆ ಒಂದು ದಿನ ಪೋಸ್ಟ್‌ಮ್ಯಾನ್ ಅಜ್ಜನ ಕೆನ್ನೆಗೆ ಕತ್ತಿ ಇಟ್ಟ. ಇನ್ನೂ ಸ್ವಲ್ಪ ದೂರ ಇದೆ ಅಂದುಕೊಂಡಿದ್ದಾಗಲೇ ಅದು ತಗುಲಿಬಿಟ್ಟಿತ್ತು. ಬಿಳಿ ನೊರೆಯ ಮೇಲೆ ಕೆಂಪು ಗೆರೆ ಮೂಡಿತು. "ಏನೂ ಆಗಿಲ್ಲ ಬಿಡು ಮಾರಾಯ, ಮನೇಲಿ ನಾನೇ ಹೆರ್ಕೊಂಡ್ರೆ ಇದಕ್ಕಿಂತ ಜಾಸ್ತಿ ಕುಯ್ಕೋತೀನಿ" ಎಂದರು ಅಜ್ಜ. ಆದರೆ ಗುಂಗುರಣ್ಣ ಕತ್ತಿಯನ್ನು ತೊಳೆದು, ಒರೆಸಿ, ಡ್ರಾಯರಿನೊಳಗಿಟ್ಟವನು ಬಹಳ ದಿನ ಅದನ್ನು ತೆಗೆಯಲಿಲ್ಲ.

ಅಲ್ಲಿಂದ ಅವನದು ನೆಲ ಗುಡಿಸುವುದು, ಟವೆಲ್ಲು ಒಗೆಯುವುದು, ಬಂದವರನ್ನು ಕೂರಿಸಿ ಮಾತಾಡಿಸುವುದು, ಇಷ್ಟೇ ಆಯಿತು. ಇಬ್ಬರ ಕೆಲಸವನ್ನು ಪಾಲುದಾರ ಒಬ್ಬನೇ ಹೊತ್ತ. ಒಂದು ದಿನವೂ ಮುಖ ಸಿಂಡರಿಸಲಿಲ್ಲ. ಬೇಕರಿಯ ಕೌಂಟರಿನಲ್ಲಿ ನಿಂತು ದುಡಿದು ಬರುತ್ತಿದ್ದ ಹೆಂಡತಿಯೂ ಒಂದು ಬಿರುನುಡಿ ಆಡಲಿಲ್ಲ. ಚಹಾದ ಲೋಟವನ್ನು ಮಾತ್ರ ಈಗ ಮೇಜಿನ ಮೇಲಿಡುತ್ತಿರಲಿಲ್ಲ, ತಂದು ಅವನ ಕೈಗೇ ಕೊಡುತ್ತಿದ್ದಳು. ಯಾಕೆಂದು ಅವಳೂ ಹೇಳಲಿಲ್ಲ, ಅವನೂ ಕೇಳಲಿಲ್ಲ. ಆ ಬೆಚ್ಚನೆಯ ಲೋಟವನ್ನು ಅವನು ಎರಡೂ ಕೈಯಲ್ಲಿ ಹಿಡಿದುಕೊಳ್ಳುತ್ತಿದ್ದ.

ಅವನನ್ನು ಆ ಮಂಕಿನಿಂದ ಎಬ್ಬಿಸಿದವಳು ನಾದಿನಿ, ಹೆಂಡತಿಯ ತಂಗಿ. ಹರೆಯದಲ್ಲಿ ಟೇಬಲ್ ಟೆನಿಸ್ ಆಟಗಾರ್ತಿ, ಈಗ ನಗರಸಭೆಯ ಕ್ರೀಡಾಭವನದಲ್ಲಿ ತರಬೇತಿ ಕೊಡುವವಳು. ಆಡಿಸುತ್ತ ಆಡಿಸುತ್ತ ಅವಳ ಗಂಟಲು ಹೇಗಾಗಿತ್ತೆಂದರೆ, ಪಿಸುಮಾತು ಆಡಿದರೂ ಪಕ್ಕದ ಮನೆಯವರು ಓ ಅನ್ನಬೇಕು.

"ಭಾವ, ಅಂಗಿ ಹಾಕ್ಕೊಳ್ಳಿ. ನಮ್ಮ ಹಾಲ್‌ಗೆ ಹೋಗೋಣ" ಎಂದಳು ಒಂದು ರಜೆಯ ದಿನ.

"ನಾನ್ಯಾಕಮ್ಮ? ಅಲ್ಲಿ ಯಾರ ತಲೆ ಬೋಳಿಸಬೇಕು?"

"ಯಾರದ್ದೂ ಬೇಡ. ಕಣ್ಣಿನ ಕಾಲೇಜಿನಲ್ಲಿ ಓದೋ ಹುಡುಗಿಯೊಬ್ಬಳು ಬಂದಿದ್ದಾಳೆ. ಬ್ಯಾಟು, ರ‍್ಯಾಕೆಟ್ಟು ಹಿಡಿದು ಆಡೋರ ಕಣ್ಣಿಗೂ, ಏನೂ ಆಡದೋರ ಕಣ್ಣಿಗೂ ಏನು ವ್ಯತ್ಯಾಸ ಅಂತ ಪರೀಕ್ಷೆ ಮಾಡ್ತಾಳೆ. ಆಡೋರು ಬೇಕಾದಷ್ಟು ಸಿಕ್ಕಿದ್ರು. ಆಡದೋರೇ ಸಾಕಷ್ಟು ಸಿಗ್ತಾ ಇಲ್ಲ. ನಾನು ಹೇಳಿದೆ, ನಮ್ಮ ಭಾವ ಇದ್ದಾರೆ, ಹುಟ್ಟಿದಾಗಿಂದ ಒಂದು ಚೆಂಡನ್ನೂ ಮುಟ್ಟಿದವರಲ್ಲ ಅಂತ."

"ಅದನ್ನ ಹೆಮ್ಮೆಯಿಂದ ಬೇರೆ ಹೇಳಿದ್ಯಾ? ನನಗಿರೋದು ಒಂದೇ ಕಣ್ಣು, ಮಾರಾಯ್ತಿ."

"ಒಂದನ್ನೇ ನೋಡ್ಲಿ. ಮನೇಲಿ ಕೂತು ಗೋಡೆ ಕಾಯೋದು ತಪ್ಪುತ್ತಲ್ಲ!"

ಅವಳೊಡನೆ ವಾದ ಮಾಡಿ ಗೆದ್ದವರಿಲ್ಲ. ಹೋದರು.

ಹುಡುಗಿ ಕ್ರೀಡಾಭವನದ ಉಗ್ರಾಣದ ಕೋಣೆಯನ್ನೇ ಪರೀಕ್ಷೆಯ ಜಾಗ ಮಾಡಿಕೊಂಡಿದ್ದಳು. ಸುತ್ತಿಟ್ಟ ನೆಟ್‌ಗಳು, ಕಾಲು ಮುರಿದ ಆಟದ ಮೇಜು. ಕಿಟಕಿಗೆ ಕಂಬಳಿ ಕಟ್ಟಿ ಕತ್ತಲು ಮಾಡಿದ್ದಳು. ಒಂದು ಕಡೆ ಅಕ್ಷರಗಳ ಪಟ್ಟಿ. ಇನ್ನೊಂದು ಕಡೆ ಗಲ್ಲ ಊರಿಕೊಂಡು ಕೂರುವ ಒಂದು ಸಾಧನ, ಅದರ ಸುತ್ತ ಕಮಾನಿನ ಹಾಗೆ ಪುಟ್ಟ ಪುಟ್ಟ ದೀಪಗಳು. ಗುಂಗುರಣ್ಣನ ಕಣ್ಣಿನ ಕತೆ ಕೇಳಿ ಅವಳ ಮುಖ ಸಣ್ಣದಾಯಿತು.

"ಅಂಕಲ್, ಬೇಜಾರು ಮಾಡ್ಕೋಬೇಡಿ. ಎರಡೂ ಕಣ್ಣು ಚೆನ್ನಾಗಿರೋರನ್ನ ಮಾತ್ರ ನಾನು ಸೇರಿಸಿಕೊಳ್ಳಬೇಕು."

"ನೋಡಿದ್ಯಾ?" ಎಂದು ಅವನು ನಾದಿನಿಯ ಕಡೆ ತಿರುಗಿದ. "ಆಡೋರ ಪೈಕಿನೂ ಅಲ್ಲ, ಆಡದೋರ ಪೈಕಿನೂ ಅಲ್ಲ. ನಾನು ಅತ್ತಲೂ ಇಲ್ಲ, ಇತ್ತಲೂ ಇಲ್ಲ."

ತಮಾಷೆಗೆಂದೇ ಆಡಿದ ಮಾತು, ಆದರೆ ಕೊನೆಗೆ ಧ್ವನಿ ಒಡೆಯಿತು. ಹುಡುಗಿ ಅದನ್ನು ಗಮನಿಸಿರಬೇಕು. ಹೊರಗೆ ಕಾಯುತ್ತಿದ್ದವರನ್ನೊಮ್ಮೆ ನೋಡಿ, "ಇಷ್ಟು ದೂರ ಬಂದಿದ್ದೀರಿ. ಲೆಕ್ಕಕ್ಕೆ ಹಿಡಿಯಲ್ಲ, ಸುಮ್ಮನೆ ನೋಡೋಣ, ಕೂತ್ಕೊಳ್ಳಿ" ಎಂದಳು.

ಅಕ್ಷರಗಳನ್ನು ಬಲಗಣ್ಣು ಸಲೀಸಾಗಿ ಓದಿತು. ಆಮೇಲೆ ಗಲ್ಲ ಊರಿ ಕೂರಿಸಿ, ಕೈಗೊಂದು ಗುಂಡಿ ಕೊಟ್ಟಳು. "ನಡುವಿನ ಚುಕ್ಕೇನೇ ನೋಡ್ತಾ ಇರಿ. ಪಕ್ಕದಲ್ಲಿ ಎಲ್ಲಾದರೂ ದೀಪ ಹತ್ತಿದ್ದು ಕಾಣಿಸಿದ ಕೂಡಲೇ ಒತ್ತಿ." ದೀಪ ಹತ್ತಿತು, ಒತ್ತಿದ. ಇನ್ನೊಂದು ಹತ್ತಿತು, ಒತ್ತಿದ. ಬಹಳ ದಿನಗಳ ಮೇಲೆ ಯಾವುದೋ ಒಂದು ಕೆಲಸ ತನ್ನ ಕೈಯಲ್ಲಿ ಸರಿಯಾಗಿ ಆಗುತ್ತಿದೆ ಅನ್ನಿಸಿ ಅವನಿಗೆ ಹುಮ್ಮಸ್ಸು ಬಂತು.

"ಅವಸರ ಬೇಡ ಅಂಕಲ್. ದೀಪ ಬಂದ ಮೇಲೆ ಒತ್ತಿ."

"ಬಂದ ಮೇಲೇ ಒತ್ತಿದೆನಲ್ಲ?"

ಮತ್ತೆ ಶುರು ಮಾಡಿದಳು. ಮತ್ತೆ ಅದೇ. ಅವಳು ಯಾವ ದೀಪವನ್ನೂ ಹತ್ತಿಸದೆ ಇದ್ದಾಗ ಅವನು ಗುಂಡಿ ಒತ್ತಿದ್ದ.

"ಈಗ ಎಲ್ಲಿ ಕಾಣಿಸ್ತು?"

"ಇಗೋ, ಬಲಗಡೆ ತುದೀಲಿ. ಕಮಾನಿನಿಂದ ಸ್ವಲ್ಪ ಆಚೆ. ಗೆರೆ ಎಳೆದ ಹಾಗೆ ಮಿಂಚಿ ಹೋಯ್ತಲ್ಲ."

"ಕಮಾನಿನಿಂದ ಆಚೆ ನನ್ನ ದೀಪವೇ ಇಲ್ಲ" ಎಂದಳು ಹುಡುಗಿ ಮೆಲ್ಲಗೆ. ಎದ್ದು ಸಾಧನದ ಸ್ವಿಚ್ಚನ್ನೇ ಆರಿಸಿದಳು. ಕೋಣೆ ಪೂರ್ತಿ ಕತ್ತಲಾಯಿತು. "ಕಣ್ಣನ್ನ ಆ ಕಡೆ ಈ ಕಡೆ ಹೊರಳಿಸಿ ನೋಡಿ."

"ಹಾಂ... ಬಂತು. ಮತ್ತೆ ಬಂತು."

"ಇದು ಎಷ್ಟು ದಿನದಿಂದ ಇದೆ?"

ಅವನಿಗೆ ಆಗ ಹೊಳೆಯಿತು. ಈಚೆಗೆ ಕೆಲವು ದಿನಗಳಿಂದ ಅಂಗಡಿಯಲ್ಲಿ ಕಣ್ಣಂಚಿಗೆ ಇಂಥ ಮಿಂಚು ಸುಳಿದದ್ದುಂಟು. ಎರಡು ಗೋಡೆಗೂ ಕನ್ನಡಿ, ಪಾಲುದಾರನ ಕೈಯಲ್ಲಿ ಕತ್ತರಿ, ಬಾಗಿಲಾಚೆ ಓಡಾಡುವ ಗಾಡಿಗಳ ಗಾಜು. ಅಲ್ಲಿ ಥಳಥಳ ಅನ್ನದೆ ಇರುವುದಾದರೂ ಯಾವುದು? ಅವನು ಅದಕ್ಕೆ ಬೆಲೆಯನ್ನೇ ಕೊಟ್ಟಿರಲಿಲ್ಲ. ಈಗ ಈ ಕತ್ತಲ ಕೋಣೆಯಲ್ಲಿ ಕನ್ನಡಿ ಇಲ್ಲ, ಕತ್ತರಿ ಇಲ್ಲ. ಮಿಂಚು ಹೊರಗಿನದಲ್ಲ, ಕಣ್ಣಿನ ಒಳಗಿನದೇ. ಬಲಗಣ್ಣಿಗೂ ಹೀಗಾಗಬಹುದು ಎಂದಿದ್ದ ಡಾಕ್ಟರ ಮಾತು ನೆನಪಾಯಿತು.

ಹುಡುಗಿ ಲೈಟು ಹಾಕಿದಳು. "ಹೆದರಿಸ್ತಾ ಇಲ್ಲ ಅಂಕಲ್. ಆದರೆ ನಾಳೆ ಅನ್ನೋ ಮಾತು ಬೇಡ. ಈಗಲೇ ಆಸ್ಪತ್ರೆಗೆ ಹೋಗಬೇಕು. ನಾನೂ ಬರ್ತೀನಿ."

ಹೊರಗೆ ಕಾಯುತ್ತಿದ್ದವರಿಗೆ ಕೈಮುಗಿದು, ಇನ್ನೊಂದು ದಿನ ಬನ್ನಿ ಎಂದು ಹೇಳಿ ಕಳಿಸಿದಳು. ಅಷ್ಟು ಕಷ್ಟಪಟ್ಟು ಒಟ್ಟು ಮಾಡಿದ್ದ ಆಡದವರೆಲ್ಲ ಗೊಣಗುತ್ತ ಚದುರಿಹೋದರು. ಗುಂಗುರಣ್ಣ ಅದನ್ನು ನೋಡಿದ. ಆ ನೋಟ ಅವನ ಮನಸ್ಸಿನಿಂದ ಇವತ್ತಿಗೂ ಅಳಿಸಿಲ್ಲ: ಪರಿಚಯವಾಗಿ ಗಳಿಗೆಯೂ ಆಗದ ಒಬ್ಬಳು, ತನ್ನ ಲೆಕ್ಕಕ್ಕೇ ಸೇರದ ಒಬ್ಬನಿಗಾಗಿ, ತನ್ನ ಇಡೀ ದಿನದ ಕೆಲಸಕ್ಕೆ ಬೀಗ ಹಾಕಿ ಹೊರಟದ್ದು.

ಅದೇ ಆಸ್ಪತ್ರೆ, ಅದೇ ಔಷಧದ ವಾಸನೆ. ಈ ಸಲ ಗೇಟಿನಿಂದ ತಿರುಗಿ ಬರಲು ನಾದಿನಿ ಬಿಡಬೇಕಲ್ಲ! ಅವನ ಒಂದು ತೋಳು ಅವಳ ಹಿಡಿತದಲ್ಲೇ ಇತ್ತು. ಡಾಕ್ಟರು ಕಣ್ಣಿಗೆ ಹನಿ ಹಾಕಿ, ಸ್ವಲ್ಪ ಹೊತ್ತು ಕಾದು, ಪ್ರಖರವಾದ ಬೆಳಕು ಬಿಟ್ಟು ಒಳಗೆಲ್ಲ ನೋಡಿದರು.

"ಹರಿದಿದೆ. ಆದರೆ ಇನ್ನೂ ಕಿತ್ತು ಬಂದಿಲ್ಲ. ಸುತ್ತ ಲೇಸರಿನಿಂದ ಬೆಸೆದುಬಿಡೋಣ, ಇವತ್ತೇ."

"ಅಂದ್ರೆ, ಬಟ್ಟೆ ಹರಿದಾಗ ಇನ್ನಷ್ಟು ಹರೀಬಾರದು ಅಂತ ಸುತ್ತ ಹೊಲಿಗೆ ಹಾಕ್ತಾರಲ್ಲ, ಹಾಗಾ ಡಾಕ್ಟ್ರೇ?"

"ಹೆಚ್ಚುಕಡಿಮೆ ಹಾಗೇ. ಸರಿಯಾದ ಹೊತ್ತಿಗೆ ಬಂದ್ರಿ."

ಕುಳಿತಲ್ಲೇ ಕೆಲಸ ಮುಗಿಯಿತು. ಹಸಿರು ಬೆಳಕು ಚಕ್ ಚಕ್ ಎಂದು ಹೊಡೆಯಿತು, ಒಳಗೆಲ್ಲೋ ಚುಚ್ಚಿದಂತಾಯಿತು, ಅಷ್ಟೆ. ಹೊರಗೆ ಬೆಂಚಿನ ಮೇಲೆ ಕೂತಾಗ ಹನಿಯ ಪ್ರಭಾವಕ್ಕೆ ಎಲ್ಲವೂ ಮಂಜುಮಂಜು. ಸುದ್ದಿ ತಿಳಿದ ಹೆಂಡತಿ ಬೇಕರಿಯ ಏಪ್ರನ್ನಿನಲ್ಲೇ ಓಡೋಡಿ ಬಂದಿದ್ದಳು. ಕೆನ್ನೆಯ ಮೇಲೆ ಹಿಟ್ಟಿನ ಗುರುತು.

"ಏನಾಯ್ತ್ರೀ? ಕಾಣ್ತಾ ಇದೆಯಾ? ನಾನು ಕಾಣ್ತಾ ಇದ್ದೀನಾ?"

"ಕಾಣ್ತಾ ಇದ್ದೀಯ. ಕೆನ್ನೆಗೆ ಹಿಟ್ಟು ಮೆತ್ಕೊಂಡಿದೆ" ಎಂದ. ಅದನ್ನು ಒರೆಸಲು ಕೈ ಚಾಚಿದ. ದೂರ ತಪ್ಪಿ ಕೈ ಗಾಳಿಯಲ್ಲೇ ನಿಂತಿತು. ಅವಳೇ ಮುಖವನ್ನು ಮುಂದೆ ತಂದು ಅವನ ಅಂಗೈಗೆ ಒತ್ತಿಕೊಂಡಳು. 

ಡಾಕ್ಟರು ಹೇಳಿದಷ್ಟು ದಿನ ಅವನು ಭಾರ ಎತ್ತದೆ, ಓಡದೆ ಇದ್ದ. ಆಮೇಲೂ ಹೋಗಿ ತೋರಿಸಿದ, ಬೆಸುಗೆ ಗಟ್ಟಿಯಾಗಿತ್ತು. ಅಷ್ಟರಲ್ಲಿ ಹುಡುಗಿಯ ಪರೀಕ್ಷೆಗಳೂ ಮುಗಿದಿದ್ದವು. ಅವಳಿಗೊಂದು ನಮಸ್ಕಾರ ಹೇಳಿ ಬರೋಣವೆಂದು ಗಂಡ ಹೆಂಡಿರಿಬ್ಬರೂ ಕ್ರೀಡಾಭವನಕ್ಕೆ ಹೋದರು. ಬೇಕರಿಯಿಂದ ಒಂದು ಡಬ್ಬಿ ಬಿಸ್ಕತ್ತೂ ಹೋಯಿತು.

"ಕೊನೆಗೆ ಏನು ಗೊತ್ತಾಯ್ತಮ್ಮ? ಆಡೋರ ಕಣ್ಣು ಹೆಚ್ಚಾ?" ಎಂದು ಕೇಳಿದ.

"ಅದೇ ತಮಾಷೆ ಅಂಕಲ್. ಅಕ್ಷರ ಓದೋದ್ರಲ್ಲಿ ಇಬ್ಬರೂ ಒಂದೇ. ನಾನು ನೋಡಿದವರಲ್ಲಿ ಆಟಗಾರರಿಗೆ ಹದ್ದಿನ ಕಣ್ಣೇನೂ ಇರಲಿಲ್ಲ. ಆದರೆ ಕಂಡದ್ದಕ್ಕೆ ಕೈ ಓಗೊಡೋದರಲ್ಲಿ ಅವರು ಬಲು ಚುರುಕು. ಪಕ್ಕದಲ್ಲಿ ಏನಾಗ್ತಿದೆ ಅನ್ನೋದನ್ನೂ ಬೇಗ ಹಿಡೀತಾರೆ. ದೂರದ ಅಂದಾಜೂ ಚೆನ್ನಾಗಿತ್ತು. ಹುಟ್ಟಿನಿಂದಲೇ ಹಾಗೋ, ಆಡಿ ಆಡಿ ಬಂದದ್ದೋ, ಅದನ್ನ ಮಾತ್ರ ನಾನು ಹೇಳಲಾರೆ."

"ಆಡಿ ಬಂದದ್ದೇ!" ಎಂದು ನಾದಿನಿ ಆ ಕಡೆಯ ಮೇಜಿನಿಂದ ಕೂಗಿದಳು. "ನಾನು ಚಿಕ್ಕವಳಿದ್ದಾಗ ಅಕ್ಕ ಎಸೆದ ಸೌಟೂ ಹಿಡಿಯೋಕೆ ಬರ್ತಿರಲಿಲ್ಲ. ಬೇಕಾದ್ರೆ ಕೇಳು."

"ಒಂದೇ ಕಣ್ಣಿನವರಿಗೂ ಬರುತ್ತಾ?" ಗುಂಗುರಣ್ಣ ಕೇಳಿದ. ಕೇಳಿದ ಮೇಲೆ ಅವನಿಗೇ ನಾಚಿಕೆಯಾಯಿತು.

ಹುಡುಗಿ ಯೋಚಿಸಿ ಹೇಳಿದಳು. "ಎರಡು ಕಣ್ಣು ಸೇರಿ ಹೇಳೋ ದೂರವನ್ನ ಒಂದು ಕಣ್ಣು ಹಾಗೇ ಹೇಳಲಾರದು. ಆದರೆ ಬೇರೆ ದಾರಿಗಳಿವೆ. ತಲೆ ಸ್ವಲ್ಪ ಆಡಿಸಿದರೆ ಹತ್ತಿರದ್ದು ಜಾಸ್ತಿ ಸರಿಯುತ್ತೆ, ದೂರದ್ದು ಕಡಿಮೆ. ನೆರಳು ಇದೆ, ಶಬ್ದ ಇದೆ. ನಿಧಾನವಾಗಿ ಮೆದುಳು ಕಲಿಯುತ್ತೆ. ಮೊದಲು ಡಾಕ್ಟರನ್ನ ಕೇಳಿ, ಅವರು ಹೂಂ ಅಂದ್ರೆ ಆಡಿ. ಕಣ್ಣಿಗೆ ಕಾಪಾಡೋ ಕನ್ನಡಕ ಮಾತ್ರ ಬಿಡಬೇಡಿ."

ಡಾಕ್ಟರು ಹೂಂ ಅಂದರು. ನಾದಿನಿ ಅಂತೂ ಕಾದು ಕೂತಿದ್ದಳು.

ಮೊದಮೊದಲು ನೋಡುವವರಿಗೆ ಬೇಜಾರಾಗಬೇಕು, ಅಂಥ ಆಟ. ಚೆಂಡು ಬಂದು ಹೋದ ಮೇಲೆ ಇವನ ಬ್ಯಾಟು ಬೀಸುತ್ತಿತ್ತು. "ಭಾವ, ಬಸ್ಸು ಹೋದ ಮೇಲೆ ಕೈ ತೋರಿಸಿದ್ರೆ ನಿಲ್ಲುತ್ತಾ? ಚೆಂಡಿನ ಹಿಂದೆ ಓಡಬೇಡಿ. ನನ್ನ ಕೈ ನೋಡಿ, ಬ್ಯಾಟು ಯಾವ ಕಡೆ ಬಗ್ಗಿದೆ ನೋಡಿ. ಚೆಂಡು ಎಲ್ಲಿ ಪುಟಿಯುತ್ತೆ ಅಂತ ಅದು ಹೊರಡೋ ಮುಂಚೆನೇ ಗೊತ್ತಾಗಬೇಕು." ಅವನು ನೋಡಿದ. ಜೀವಮಾನವಿಡೀ ಕನ್ನಡಿಯಲ್ಲಿ ಗಿರಾಕಿಗಳ ಮುಖ ನೋಡಿ, ಕೆಮ್ಮು ಬರುವ ಮೊದಲೇ ಕತ್ತಿ ಎತ್ತಿದವನಿಗೆ ಅದು ತೀರಾ ಹೊಸ ವಿದ್ಯೆಯಾಗಿರಲಿಲ್ಲ. ಮೇಜಿನ ಮೇಲೆ ಚೆಂಡು ಟಕ್ ಎಂದಾಗ ಕೈ ಎಲ್ಲಿರಬೇಕೆಂದು ಕಿವಿಯೂ ಹೇಳತೊಡಗಿತು. ಒಂದು ಸಂಜೆ ಅವನು ಹೊಡೆದ ಚೆಂಡು ನೆಟ್ಟಿನ ಮೇಲೆ ಹಾಯಾಗಿ ದಾಟಿ, ನಾದಿನಿಯ ಕೈಗೂ ಸಿಗದೆ ಹೋಯಿತು. ಅವಳು ಹಾಕಿದ ಕೂಗಿಗೆ ಇಡೀ ಭವನದ ಆಟ ನಿಂತಿತು.

ಮನೆಯಲ್ಲಿ ನೀರು ಲೋಟದೊಳಗೇ ಬೀಳತೊಡಗಿತು. ಮೆಟ್ಟಿಲುಗಳು ತಮ್ಮ ತಮ್ಮ ಜಾಗಕ್ಕೆ ಬಂದವು. ಇದೆಲ್ಲ ಆಟದಿಂದಲೇ ಆಯಿತೋ, ಕಾಲವೇ ಕಲಿಸಿತೋ, ಅವನು ತಲೆ ಕೆಡಿಸಿಕೊಳ್ಳಲಿಲ್ಲ. ಅಂಗಡಿಯಲ್ಲಿ ಮೊದಲು ಕತ್ತರಿ ಹಿಡಿದ. ಕಡ್ಡಿಗೆ ಕಟ್ಟಿದ ಬಲೂನಿಗೆ ನೊರೆ ಹಚ್ಚಿ, ಒಡೆಯದ ಹಾಗೆ ಕತ್ತಿಯಲ್ಲಿ ತೆಗೆಯುವುದನ್ನು ಪಾಲುದಾರನ ಎದುರು ಮತ್ತೆ ಮತ್ತೆ ಅಭ್ಯಾಸ ಮಾಡಿದ. ಎಡಗೈಯ ಬೆರಳನ್ನು ಚರ್ಮದ ಮೇಲೆ ಮೊದಲು ಊರಿ, ಅದರ ಪಕ್ಕಕ್ಕೆ ಕತ್ತಿಯನ್ನು ತಂದರೆ ದೂರದ ಚಿಂತೆಯೇ ಇಲ್ಲವೆಂದು ಕಂಡುಕೊಂಡ. ಪಾಲುದಾರ ತನ್ನ ಗಡ್ಡವನ್ನೇ ಒಡ್ಡಿದ. ಒಂದು ಗೀರೂ ಬೀಳಲಿಲ್ಲ.

ಆದರೂ ಪೋಸ್ಟ್‌ಮ್ಯಾನ್ ಅಜ್ಜ ಬಂದು ಅವನ ಕುರ್ಚಿಯಲ್ಲೇ ಕೂತಾಗ ಗುಂಗುರಣ್ಣ ಒಂದು ಹೆಜ್ಜೆ ಹಿಂದೆ ಸರಿದ.

"ಅಜ್ಜಾರೇ, ಆ ಕುರ್ಚೀಲಿ ಕೂತ್ಕೊಳ್ಳಿ, ಅವನು ಮಾಡ್ತಾನೆ."

"ಯಾಕೆ, ಇದರ ಕಾಲು ಮುರಿದಿದೆಯಾ?" ಅಜ್ಜ ಅಲ್ಲಾಡಲಿಲ್ಲ. "ನೋಡು, ನಾನು ಈ ವಯಸ್ಸಿಗೆ ಇನ್ಯಾರ ಕೈ ರೂಢಿ ಮಾಡ್ಕೊಳ್ಳಲಿ? ನಿನ್ನ ಪಾಲುದಾರನ ಹತ್ರ ಕೂತರೆ ನಿದ್ದೇನೇ ಬರಲ್ಲ ಮಾರಾಯ."

ಪಾಲುದಾರ ಡ್ರಾಯರು ತೆಗೆದು ಕತ್ತಿಯನ್ನು ತಂದು ಗೆಳೆಯನ ಕೈಗಿಟ್ಟ. ಗುಂಗುರಣ್ಣ ನೊರೆ ಹಚ್ಚಿದ. ತಲೆಯನ್ನು ಒಂದಿಷ್ಟು ಅತ್ತ ಇತ್ತ ವಾಲಿಸಿ ನೋಡಿದ. ಬೆರಳು ಊರಿದ. ಕಿವಿಯ ಬುಡದಿಂದ ಗಲ್ಲಕ್ಕೆ, ಗಲ್ಲದಿಂದ ಗಂಟಲಿಗೆ ಕತ್ತಿ ಇಳಿಯಿತು. ಗಂಟಲಿನ ಗಂಟಿನ ಬಳಿ ಬಂದಾಗ ಬೆರಳನ್ನು ಇನ್ನೊಮ್ಮೆ ಊರಿಕೊಂಡ. ಆಗಲೇ ಅಜ್ಜನಿಂದ ಸಣ್ಣಗೆ ಗೊರಕೆ ಹೊರಟಿತು. ಅದು ನಿಜವಾದ ನಿದ್ದೆಯೋ, ಧೈರ್ಯ ತುಂಬಲು ಹೂಡಿದ ನಾಟಕವೋ, ಅಜ್ಜ ಇಂದಿಗೂ ಬಾಯಿ ಬಿಟ್ಟಿಲ್ಲ. ಎದ್ದವರು ಎರಡೂ ಕೆನ್ನೆ ಸವರಿ ನೋಡಿಕೊಂಡು, "ಬೆಣ್ಣೆ" ಎಂದು ಒಂದೇ ಮಾತು ಹೇಳಿ ಹೊರಟರು. ಗುಂಗುರಣ್ಣ ಟವೆಲ್ಲು ಒಗೆಯುವ ನೆಪದಲ್ಲಿ ಹಿಂದಿನ ಕೋಣೆಗೆ ಹೋಗಿ ಹೊತ್ತು ಕಳೆದು ಬಂದ.

ಈಗ ಕಣ್ಣು ತೋರಿಸುವ ದಿನ ಬಂತೆಂದರೆ ಯಾರೂ ನೆನಪಿಸಬೇಕಿಲ್ಲ. ಅಂದು ಆಸ್ಪತ್ರೆಯಲ್ಲಿ ಮುಖ ಬಾಡಿಸಿಕೊಂಡು ಕೂತ ಹೊಸಬರ ಪಕ್ಕ ಹೋಗಿ ಕೂರುತ್ತಾನೆ, ತನ್ನ ಕತೆ ಹೇಳುತ್ತಾನೆ, ನಗಿಸುತ್ತಾನೆ. ಕಣ್ಣಿನ ಹುಡುಗಿ ಓದು ಮುಗಿಸಿ ಅಲ್ಲೇ ಕೆಲಸಕ್ಕೆ ಸೇರಿದ್ದಾಳೆ. "ನನ್ನ ಮಗಳು" ಎಂದು ಅವಳನ್ನು ಎಲ್ಲರಿಗೂ ಪರಿಚಯ ಮಾಡಿಸುತ್ತಾನೆ; ಅವಳೂ ಅಲ್ಲ ಅನ್ನುವುದಿಲ್ಲ.

ಮೊನ್ನೆ ಅಂಗಡಿಯ ರಜೆಯ ದಿನ ಹೆಂಡತಿಯೂ ಕ್ರೀಡಾಭವನಕ್ಕೆ ಬಂದಿದ್ದಳು. ಭಾವ ನಾದಿನಿಯರ ಆಟವನ್ನು ಬೆಂಚಿನ ಮೇಲೆ ಕೂತು ನೋಡಿದವಳು, ಕೊನೆಗೆ ತಾಳಲಾರದೆ ಎದ್ದು ಬಂದು ಬ್ಯಾಟು ಕೇಳಿದಳು. ಗುಂಗುರಣ್ಣ ಹೂವು ಎಸೆದ ಹಾಗೆ ಮೆಲ್ಲಗೆ ಚೆಂಡು ಕಳಿಸಿದ. ಅವಳು ಬೀಸಿದಳು, ಸಿಗಲಿಲ್ಲ. ಮತ್ತೆ ಬೀಸಿದಳು, ಸಿಗಲಿಲ್ಲ.

"ಎರಡು ಕಣ್ಣಿಗೂ ಚೆನ್ನಾಗಿ ಕಾಣ್ತಾ ಇದೆ ಕಣ್ರೀ. ಆದರೆ ಕೈಗೆ ಸಿಗ್ತಾ ಇಲ್ಲ!" ಎಂದು ಸೊಂಟದ ಮೇಲೆ ಕೈಯಿಟ್ಟು ನಿಂತಳು.

"ಸಿಗುತ್ತೆ, ಸಿಗುತ್ತೆ. ಇನ್ನೊಂದು ಹಾಕ್ತೀನಿ, ತಗೋ."

ಅವಳಿಗೆ ಬೇಸರವಾಗುವ ತನಕವಲ್ಲ, ಅವಳು ಒಂದನ್ನು ಹೊಡೆಯುವ ತನಕ ಅವನು ಚೆಂಡು ಹಾಕುತ್ತಲೇ ಇದ್ದ. ಅಂತೂ ಒಂದು ಸಿಕ್ಕಿತು. ಸಿಕ್ಕಿದ್ದು ಮೇಜಿನ ಮೇಲೆ ಬೀಳದೆ ಆಚೆ ಬದಿಯ ಆಟಗಾರರ ನಡುವೆ ಹೋಗಿ ಬಿತ್ತು. ನಾದಿನಿ ಚಪ್ಪಾಳೆ ತಟ್ಟಿದಳು.

"ಅಕ್ಕಾ, ನಾಳೆಯಿಂದ ನೀನೂ ಬಾ."

"ನಾಳೆ ಬೇಕರಿ ಇದೆ ಕಣೇ" ಎಂದಳು ಅಕ್ಕ, ಸೆರಗಿನಿಂದ ಹಣೆ ಒರೆಸಿಕೊಳ್ಳುತ್ತ. "ಮುಂದಿನ ರಜೆಗೆ ಬರ್ತೀನಿ. ರೀ, ಈಗ ಆ ಚೆಂಡು ತಂದ್ಕೊಡಿ, ಇನ್ನೊಂದು ಹೊಡೀತೀನಿ."

ಗುಂಗುರಣ್ಣ ಚೆಂಡು ತರಲು ಹೋದ.